ದೆಹಲಿಯ ಪೋರ್ಷೆ, ಬ್ಯಾಡಗಿಯ ಹಂಪು

ಪ್ರಶ್ನೆ: ನನಗೆ 36 ವರ್ಷ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಡತಿ ಅಂಗಡಿ ಇದೆ. ಒಂಬತ್ತು ವರ್ಷಗಳಿಂದ ಒಂದೇ ಡೀಸೆಲ್ ಎಸ್‌ಯುವಿ ಓಡಿಸುತ್ತಿದ್ದೇನೆ. ಕಾಲೇಜಿನಲ್ಲಿದ್ದಾಗಿನಿಂದ ಸ್ಪೋರ್ಟ್ಸ್ ಕಾರಿನ ಆಸೆ. ದೆಹಲಿಯ ಡೀಲರ್ ಒಬ್ಬರ ಬಳಿ 2014ರ ಪೋರ್ಷೆ ಬಾಕ್ಸ್‌ಸ್ಟರ್ ಇದೆ. ಕೆಂಪು ಬಣ್ಣ, 2.7 ಲೀಟರ್ ಪೆಟ್ರೋಲ್ ಎಂಜಿನ್, ಆಟೊಮ್ಯಾಟಿಕ್, ಎರಡನೇ ಮಾಲೀಕರು, 28,000 ಕಿ.ಮೀ. ಓಡಿದೆ. 46 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಇಷ್ಟು ಕಡಿಮೆ ಓಡಿದ ಕಾರು ಹೊಸದಕ್ಕೆ ಸಮ ಎನ್ನುತ್ತಾರೆ ಡೀಲರ್. ಹುಬ್ಬಳ್ಳಿಯ ಪರಿಚಯದವರೊಬ್ಬರು, ‘ಈ ಕಂಪನಿಯ ಎಂಜಿನ್ನಿನೊಳಗೆ ಬೇರಿಂಗ್ ಒಡೆದು ಎಂಜಿನ್ನೇ ಹೋಗುತ್ತದೆ, ಮುಟ್ಟಬೇಡ’ ಎನ್ನುತ್ತಾರೆ. ದೆಹಲಿ ನಂಬರಿನಲ್ಲೇ ಓಡಿಸಿದರೆ ಯಾರೂ ಕೇಳುವುದಿಲ್ಲ ಎಂದೂ ಡೀಲರ್ ಹೇಳುತ್ತಾರೆ. ನಮ್ಮ ಕಡೆ ಇದನ್ನು ರಿಪೇರಿ ಮಾಡುವವರು ಸಿಗುತ್ತಾರೆಯೇ? 46 ಲಕ್ಷದ ಮೇಲೆ ಇನ್ನೆಷ್ಟು ಕೈಯಲ್ಲಿಟ್ಟುಕೊಳ್ಳಬೇಕು? ಇಷ್ಟು ಶಕ್ತಿಯ ಕಾರನ್ನು ನಾನು ಎಂದೂ ಓಡಿಸಿಲ್ಲ. ಅವ್ವನಿಗೆ ಅದೇ ಹೆದರಿಕೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಚಿಂತೆ ಒಂದೇ: ಹೊರಗೆ ಹೊಳೆಯುವ ಈ ಕಾರಿನ ಒಳಗೆ ಏನಿದೆಯೋ ತಿಳಿಯದು, ತಿಳಿಯುವ ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ. ಬೆಂಗಳೂರಿನಲ್ಲಿ ಜರ್ಮನ್ ಕಾರುಗಳ ಕೆಲಸ ಕಲಿತು, ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಶೆಡ್ ಹಾಕಿಕೊಂಡಿರುವ ನನ್ನ ಬಳಿ ಇಂಥ ಪ್ರಶ್ನೆ ಹೊತ್ತು ಬರುವವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ ಆಗಲೇ ಕಾರು ಕೊಂಡಿರುತ್ತಾರೆ. ನೀವು ಕೊಳ್ಳುವ ಮುನ್ನ ಕೇಳಿದ್ದೀರಿ.

ಬೇರಿಂಗಿನ ಮಾತನ್ನು ಮೊದಲು ಮುಗಿಸೋಣ, ಅದು ಬೇಗ ಮುಗಿಯುತ್ತದೆ. ನಿಮ್ಮ ಪರಿಚಯದವರು ಹೇಳಿದ್ದು ಸುಳ್ಳಲ್ಲ, ಹೇಳಿದ ಕಾರು ಬೇರೆ. 1997ರಿಂದ 2008ರವರೆಗಿನ ಹಲವು ಬಾಕ್ಸ್‌ಸ್ಟರ್ ಮತ್ತು 911 ಕಾರುಗಳ ಎಂಜಿನ್ನಿನಲ್ಲಿ ನಡುವೆ ಒಂದು ಶಾಫ್ಟ್ ಇತ್ತು. ಅದರ ತುದಿಯ ಬೇರಿಂಗ್ ಒಡೆದರೆ ಚೂರುಗಳು ಎಣ್ಣೆಯ ಜೊತೆ ಎಲ್ಲೆಡೆ ಹರಿದು ಎಂಜಿನ್ ಕೆಲಸಕ್ಕೆ ಬಾರದಂತಾಗುತ್ತಿತ್ತು. ಅಮೆರಿಕದಲ್ಲಿ ಇದರ ಮೇಲೆ ಮಾಲೀಕರು ಮೊಕದ್ದಮೆಯನ್ನೂ ಹೂಡಿದರು. 2009ರ ಮಾದರಿಗೆ ಕಂಪನಿ ಹೊಸ ಎಂಜಿನ್ ತಂದಿತು, ಅದರಲ್ಲಿ ಆ ಶಾಫ್ಟೇ ಇಲ್ಲ. 2012ರಿಂದ 2016ರವರೆಗೆ ಬಂದ, ಕಂಪನಿಯವರು 981 ಎಂದು ಕರೆಯುವ ಪೀಳಿಗೆ ನಿಮ್ಮದು. ಇಲ್ಲದ ಬೇರಿಂಗ್ ಒಡೆಯುವುದು ಹೇಗೆ? ನಾಳೆ ಯಾರಾದರೂ 2006ರ ಬಾಕ್ಸ್‌ಸ್ಟರನ್ನು ಅಗ್ಗಕ್ಕೆ ತೋರಿಸಿದರೆ ಮಾತ್ರ ಆ ಪರಿಚಯದವರನ್ನು ನೆನೆಸಿಕೊಳ್ಳಿ.

ಡೀಲರ್ ಹೇಳಿದ ‘ಹೊಸದಕ್ಕೆ ಸಮ’ ಎಂಬ ಮಾತು ಇದಕ್ಕಿಂತ ಅಪಾಯಕಾರಿ. ಹತ್ತು ವರ್ಷ ದಾಟಿದ ಕಾರು 28,000 ಕಿ.ಮೀ. ಓಡಿದೆ ಎಂದರೆ ವರ್ಷಕ್ಕೆ ಎರಡೂವರೆ ಸಾವಿರದ ಆಸುಪಾಸು. ಉಳಿದ ದಿನ ಅದು ನಿಂತಿತ್ತು. ನಿಂತ ಕಾರು ಉಪ್ಪಿನಕಾಯಿ ಭರಣಿಯಲ್ಲ, ಇಟ್ಟಷ್ಟೂ ಕೆಡುತ್ತದೆ. ಸಸ್ಪೆನ್ಶನ್ನಿನ ರಬ್ಬರ್ ಬುಶ್‌ಗಳು ಬಿರಿಯುತ್ತವೆ, ಸೀಲುಗಳು ಒಣಗಿ ಎಣ್ಣೆ ಜಿನುಗುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ (ಅದನ್ನು ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು). ಟೈರುಗಳ ಹೂವು ಹೊಸದರಂತೆ ಕಂಡರೂ ರಬ್ಬರ್ ಕಲ್ಲಾಗಿರುತ್ತದೆ. ಟೈರಿನ ಪಕ್ಕದಲ್ಲಿ ಉದ್ದುದ್ದ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ‘3715’ ಎಂದಿದ್ದರೆ 2015ರ 37ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರನ್ನು ನಾನು ಟೈರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯುತ್ತೇನೆ. ಈ ಕಾರಿನಲ್ಲಿ ಮುಂದಿನ ಟೈರು ಬೇರೆ ಅಳತೆ, ಹಿಂದಿನದು ಬೇರೆ. ಹಿಂದಿನವು ಸವೆದವೆಂದು ಮುಂದಕ್ಕೆ ಹಾಕಲು ಬರುವುದಿಲ್ಲ. ಸಾಮಾನ್ಯವಾಗಿ ಸ್ಟೆಪ್ನಿಯೂ ಇರುವುದಿಲ್ಲ, ಪಂಕ್ಚರಿಗೆ ಅಂಟಿನ ಡಬ್ಬಿ ಮತ್ತು ಗಾಳಿ ಪಂಪು ಕೊಟ್ಟಿರುತ್ತಾರೆ.

ಇಷ್ಟೆಲ್ಲ 28,000 ಎಂಬ ಅಂಕಿ ನಿಜವಾಗಿದ್ದರೆ. ನಿಜವೇ ಎಂದು ತಿಳಿಯಲು ಒಂದು ದಾರಿ ಇದೆ, ಇದನ್ನು ನೀವು ಮರೆಯಬಾರದು. ಕಿಲೋಮೀಟರ್ ಕೇಳಬೇಡಿ, ಗಂಟೆ ಕೇಳಿ. ಈ ಕಾರಿನ ಎಂಜಿನ್ ಕಂಪ್ಯೂಟರ್ ತಾನು ಒಟ್ಟು ಎಷ್ಟು ಗಂಟೆ ಚಾಲೂ ಇದ್ದೆ ಎಂಬುದನ್ನು ಬರೆದಿಟ್ಟುಕೊಂಡಿರುತ್ತದೆ. ಡ್ಯಾಶ್‌ಬೋರ್ಡಿನ ಮೀಟರನ್ನು ತಿರುಗಿಸುವವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಹಲವರು ಈ ಗಂಟೆಯ ಲೆಕ್ಕದ ತಂಟೆಗೆ ಹೋಗಿರುವುದಿಲ್ಲ. ಪೋರ್ಷೆಯ ಅಧಿಕೃತ ಸರ್ವಿಸ್ ಕೇಂದ್ರದವರು ತಮ್ಮ ಸ್ಕ್ಯಾನರ್ ಜೋಡಿಸಿ ಇದನ್ನು ಹಾಳೆಯಲ್ಲಿ ಮುದ್ರಿಸಿ ಕೊಡಬಲ್ಲರು. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 28,000 ಕಿ.ಮೀ.ಗೆ 1,250 ಗಂಟೆ ಇದ್ದರೆ ಸರಾಸರಿ ವೇಗ 22 ಕಿ.ಮೀ. ದೆಹಲಿಯ ಟ್ರಾಫಿಕ್ಕಿಗೆ ಅದು ಹೊಂದುತ್ತದೆ. 2,800 ಗಂಟೆ ಇದ್ದರೆ ಸರಾಸರಿ 10. ಅಷ್ಟು ನಿಧಾನ ಎತ್ತಿನ ಗಾಡಿಗೆ ಸರಿ, ಬಾಕ್ಸ್‌ಸ್ಟರಿಗಲ್ಲ. ಆ ಕಾರು ನಿಜವಾಗಿ 60,000 ಕಿ.ಮೀ. ಓಡಿರುವ ಸಾಧ್ಯತೆಯೇ ಹೆಚ್ಚು. ಒಮ್ಮೆ ನನ್ನ ಮುಂದೆ ಬಂದ ಕಾರಿನ ಮೀಟರ್ 31,000 ತೋರಿಸುತ್ತಿತ್ತು, ಗಂಟೆ 3,400. ‘ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಲ್ಲುತ್ತಿದ್ದೆವು’ ಎಂದರು ಮಾರುವವರು. ಹತ್ತು ವರ್ಷ ಸಿಗ್ನಲ್ಲಿನಲ್ಲೇ ಸಂಸಾರ ಮಾಡಿದರೇನೋ.

ಅದೇ ಹಾಳೆಯಲ್ಲಿ ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿದೆ, ಕೊನೆಯ ಸಲ ಯಾವ ಗಂಟೆಯಲ್ಲಿ ಎಂಬುದೂ ಇರುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಇದರ ಭಯ ಕಡಿಮೆ. ಮ್ಯಾನುಯಲ್ ಗೇರಿನಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಹಾಕಿದವನ ಪಾಪ ಮಾತ್ರ ಅಲ್ಲಿ ಅಚ್ಚೊತ್ತಿರುತ್ತದೆ.

ಇನ್ನು ಕಣ್ಣಿಗೆ ಕಾಣುವ ತಪಾಸಣೆ. ನಮ್ಮ ಕಡೆ ಹಳೆಯ ಕಾರು ನೋಡಲು ಹೋಗುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡಿರುತ್ತಾರೆ. ಅಂಟಿದರೆ ತಗಡು, ಬಿದ್ದರೆ ಪುಟ್ಟಿ (ಜಜ್ಜಿದ ಜಾಗ ತುಂಬುವ ಲೇಪ) ಎಂಬ ಲೆಕ್ಕ. ಈ ಕಾರಿನಲ್ಲಿ ಆ ಲೆಕ್ಕ ಕೈಕೊಡುತ್ತದೆ. ಬಾಗಿಲುಗಳು, ಮುಂದಿನ ಮತ್ತು ಹಿಂದಿನ ಮುಚ್ಚಳಗಳು ಅಲ್ಯೂಮಿನಿಯಂ. ಅಯಸ್ಕಾಂತ ಬಿದ್ದೇ ಬೀಳುತ್ತದೆ, ಜೊತೆಗೆ ಬಂದ ಸ್ನೇಹಿತರು ‘ಪೂರ್ತಿ ಪುಟ್ಟಿ!’ ಎಂದು ಕೂಗುತ್ತಾರೆ. ಅಲ್ಯೂಮಿನಿಯಮ್ಮಿನ ಮೇಲೂ ನಡೆಯುವ ಬಣ್ಣದ ದಪ್ಪ ಅಳೆಯುವ ಮೀಟರ್ ಬೇಕು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಬಾಗಿಲಿನಲ್ಲಿ ಮಾತ್ರ 250 ಬಂದರೆ ಬಣ್ಣ ಹೊಡೆದಿದ್ದಾರೆ ಎಂದರ್ಥ, ಗೀರು ಬಿದ್ದದ್ದಕ್ಕೂ ಇರಬಹುದು. 500ರ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ, ಅಲ್ಲಿ ಏನಾಗಿತ್ತು ಎಂದು ಕೇಳಲೇಬೇಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಕಾರು ನೆರೆ ನೀರಿನಲ್ಲಿ ಮುಳುಗಿದ್ದರೆ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟು ತೊಳೆಯುವವರು ಬೆಲ್ಟಿನ ಕೊನೆಯ ಮೊಳವನ್ನು ತೊಳೆಯುವುದಿಲ್ಲ.

ಬಾಕ್ಸ್‌ಸ್ಟರಿನ ಮಾಡು ಬಟ್ಟೆಯದು. ಅದರ ಮೇಲೆ ಬಿದ್ದ ನೀರು ಹಿಂಬದಿಯ ಸಣ್ಣ ಕೊಳವೆಗಳಿಂದ ಕೆಳಗೆ ಹೋಗಬೇಕು. ಮರದ ಕೆಳಗೆ ನಿಂತ ಕಾರಿನಲ್ಲಿ ಎಲೆ, ಧೂಳು ಸೇರಿ ಆ ಕೊಳವೆ ಕಟ್ಟುತ್ತದೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರಿಗಾಗಿ ಪುಣೆಯಲ್ಲಿ ಇಂಥದ್ದೇ ಬಟ್ಟೆ ಮಾಡಿನ ಕಾರು ನೋಡಿದೆ. ಎಂಜಿನ್, ಗೇರು, ಬ್ರೇಕು, ಕಾಗದ ಎಲ್ಲ ಸರಿ ಇತ್ತು. ಮೇ ತಿಂಗಳು, ಸುಡು ಬಿಸಿಲು, ಕೊಳವೆಗೆ ಒಂದು ತಂಬಿಗೆ ನೀರು ಸುರಿದು ನೋಡುವ ಬುದ್ಧಿ ನನಗೆ ಬರಲಿಲ್ಲ. ವಾಪಸು ಬರುವಾಗ ಕಿತ್ತೂರು ದಾಟುವಲ್ಲಿ ಅಡ್ಡಮಳೆ ಹಿಡಿಯಿತು. ಧಾರವಾಡಕ್ಕೆ ಬಂದು ಕಾರು ನಿಲ್ಲಿಸಿ ಕಾಲೂರಿದರೆ ಕಾರ್ಪೆಟ್ಟು ಪಚಕ್ ಎಂದಿತು. ಸೀಟಿನ ಹಿಂದೆ ಕೈ ಹಾಕಿದೆ, ಬೆರಳು ನೀರಿನಲ್ಲಿ ಮುಳುಗಿತು. ಎರಡು ದಿನದಲ್ಲಿ ಒಂದೊಂದೇ ಎಲೆಕ್ಟ್ರಿಕ್ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡಿತು. ಆ ರಿಪೇರಿಯಲ್ಲಿ ನನ್ನ ಕೂಲಿಯನ್ನು ನಾನು ತೆಗೆದುಕೊಳ್ಳಲಿಲ್ಲ. ಅಂದಿನಿಂದ ನನ್ನ ತಪಾಸಣೆ ಚೀಲದಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇರುತ್ತದೆ, ಕುಡಿಯಲಿಕ್ಕಲ್ಲ.

ಮೂತಿಯ ಎಡಬಲದ ಬಾಯಿಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಇರುವುದು ಸೀಟಿನ ಹಿಂದೆ, ರೇಡಿಯೇಟರ್ ಮತ್ತು ಎಸಿಯ ಕಂಡೆನ್ಸರ್ ಇರುವುದು ಮೂತಿಯಲ್ಲಿ. ಆ ಬಾಯಿಗಳು ರಸ್ತೆಯ ಕಸವನ್ನೆಲ್ಲ ನುಂಗುತ್ತವೆ, ಕಸ ತೇವ ಹಿಡಿದು ಲೋಹ ಕೊರೆಯುತ್ತದೆ. ಸೀಸನ್ನಿನಲ್ಲಿ ನಿಮ್ಮ ಊರಿನ ಮಾರುಕಟ್ಟೆ ರಸ್ತೆಯ ಮೇಲೆ ಹಾರುವ ಮೆಣಸಿನಕಾಯಿ ತೊಟ್ಟು, ಸಿಪ್ಪೆ ನೆನೆಸಿಕೊಳ್ಳಿ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಶುಚಿ ಮಾಡಿಸಲೇಬೇಕು. ಈ ಪೀಳಿಗೆಯಲ್ಲಿ ನೀರಿನ ಪಂಪು ಸೋರುವುದು, ಎಂಜಿನ್ ಮೌಂಟ್ ಸೋಲುವುದು, ಎಣ್ಣೆಯ ಆವಿ ಬೇರ್ಪಡಿಸುವ ಭಾಗ ಕೆಟ್ಟು ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ದಟ್ಟವಾಗಿ ಬರುವುದು ಇವೆಲ್ಲ ಕಂಡುಬರುವ ತೊಂದರೆಗಳು. ಆದ್ದರಿಂದ ಕಾರು ನೋಡಲು ಹೋಗುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು ಎಂದು ಮೊದಲೇ ಹೇಳಿ. ನೀವು ಹೋಗುವ ಹೊತ್ತಿಗೆ ಅವರು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇನೆ ಎನ್ನಿ.

ರಿಪೇರಿಯ ವಿಷಯ. ಮುಂದಿನ ಬಾನೆಟ್ ತೆಗೆದರೆ ಸೂಟ್‌ಕೇಸ್ ಇಡುವ ಜಾಗ, ಹಿಂದಿನದು ತೆಗೆದರೂ ಅದೇ. ಎಂಜಿನ್ ಕಾಣಬೇಕಾದರೆ ಮಾಡನ್ನು ಅರ್ಧ ಎತ್ತಿ, ಒಳಗಿನ ಹೊದಿಕೆ ಬಿಚ್ಚಬೇಕು. ಎಣ್ಣೆ ನೋಡುವ ಕಡ್ಡಿಯೂ ಇಲ್ಲ, ಮಟ್ಟವನ್ನು ಡ್ಯಾಶ್‌ಬೋರ್ಡೇ ಹೇಳುತ್ತದೆ. ಆದರೂ ಎಣ್ಣೆ, ಬ್ರೇಕ್ ಪ್ಯಾಡು, ಬ್ಯಾಟರಿ, ಸಸ್ಪೆನ್ಶನ್ ಕೆಲಸಗಳನ್ನು ಹುಬ್ಬಳ್ಳಿಯಲ್ಲಿ ಮಾಡಬಹುದು, ನಾವು ಮಾಡಿದ್ದೇವೆ. ಎಂಜಿನ್ ಎಣ್ಣೆಯೇ ಏಳು ಲೀಟರಿಗೂ ಹೆಚ್ಚು ಕುಡಿಯುತ್ತದೆ ಎಂಬುದು ನೆನಪಿರಲಿ. ಗೇರ್‌ಬಾಕ್ಸಿನ ಒಳಗಿನ ಸೆನ್ಸರ್, ಕಂಪನಿಯ ಕೋಡಿಂಗ್ ಬೇಡುವ ಕೆಲಸ ಬಂದರೆ ಬೆಂಗಳೂರಿಗೇ ಹೋಗಬೇಕು. ಬ್ಯಾಡಗಿಯಿಂದ ಅದು 330 ಕಿ.ಮೀ. ಆಸುಪಾಸು, ಚಪ್ಪಟೆ ಹಾಸಿನ ಟೋ ಲಾರಿಯ ಮೇಲೆ. ಮುಂದಿನ ಚಕ್ರ ಎತ್ತಿ ಎಳೆದೊಯ್ಯುವ ಹೆದ್ದಾರಿಯ ಕ್ರೇನಿನವರಿಗೆ ಈ ಕಾರನ್ನು ಮುಟ್ಟಲು ಬಿಡಬೇಡಿ. ಇದು ಓಡುವುದು ಹಿಂದಿನ ಚಕ್ರದ ಮೇಲೆ.

ನೀವು ಕೇಳದ ಒಂದು ಪ್ರಶ್ನೆ ಇದೆ: ರಸ್ತೆಯ ಹಂಪು (ಸ್ಪೀಡ್ ಬ್ರೇಕರ್). ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಬಾಕ್ಸ್‌ಸ್ಟರಿನ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ 2.475 ಮೀಟರ್. ಅಂದರೆ ಅಳತೆಯ ಹಂಪಿನ ಮೇಲೆ ಇಡೀ ಕಾರು ಹತ್ತಿ ಇಳಿಯುತ್ತದೆ, ಹೊಟ್ಟೆ ತಾಕುವುದಿಲ್ಲ. ನಮ್ಮ ಹಳ್ಳಿಗಳ ಹಂಪು ಎರಡು ಮೊಳ ಅಗಲ, ಮೊಣಕಾಲಿಗಿಂತ ಸ್ವಲ್ಪ ಕಡಿಮೆ ಎತ್ತರ. ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ, ಹೊಟ್ಟೆಯ ಕೆಳಗೆ ಕಲ್ಲಿನಂಥ ಡುಬ್ಬ. ಕಾರಿನ ಹೊಟ್ಟೆಯೋ ನೆಲದಿಂದ ಗೇಣೆತ್ತರವೂ ಇಲ್ಲ. ಹೀಗೆ ಮಾಡಿ: ಎರಡೂವರೆ ಮೀಟರ್ ದಾರದ ಎರಡು ತುದಿಗಳನ್ನು ಇಬ್ಬರು ನೆಲದಿಂದ 10 ಸೆಂ.ಮೀ. ಎತ್ತರದಲ್ಲಿ ಬಿಗಿಯಾಗಿ ಹಿಡಿದು ಹಂಪಿನ ಮೇಲೆ ದಾಟಿಸಿ. ದಾರ ತಾಗಿದ ಕಡೆ ಕಾರೂ ತಾಗುತ್ತದೆ ಎಂದು ತಿಳಿಯಿರಿ. ನಿಮ್ಮ ಮನೆಯಿಂದ ಮೋಟೆಬೆನ್ನೂರಿನ ಹೆದ್ದಾರಿಯವರೆಗೆ ಎಷ್ಟು ಹಂಪುಗಳಲ್ಲಿ ದಾರ ತಾಗುತ್ತದೆ ಎಣಿಸಿ. ಜನ ನಗಬಹುದು. ಅಗಲವಾದ ರಸ್ತೆಯಲ್ಲಿ ಓರೆಯಾಗಿ ಹತ್ತಿಸಿ ಒಂದೆರಡನ್ನು ತಪ್ಪಿಸಬಹುದು. ದಿನವೂ ಐದಾರು ಸಲ ತಾಗಿಸಿಕೊಂಡು ಓಡಿಸುವ ಕಾರು ಇದಲ್ಲ.

ದೆಹಲಿ ನಂಬರಿನ ಬಗ್ಗೆ ಡೀಲರ್ ಹೇಳಿದ್ದು ಅವರಿಗೆ ಅನುಕೂಲದ ಮಾತು. ಅಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್ಲಿಗೆ 10 ವರ್ಷ ದಾಟಿದರೆ ಓಡಿಸಲು ಬಿಡುವುದಿಲ್ಲವೆಂಬ ಭಯ ಇರುವುದರಿಂದಲೇ ಹಳೆಯ ಕಾರು ಅಗ್ಗ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟ ವಾಹನಕ್ಕೆ ಅಲ್ಲಿಯ ನೋಂದಣಿ ಬೇಕು. ನಿಮಗೆ ಕೆಎ-27, ಹಾವೇರಿ. ಜೀವಾವಧಿ ತೆರಿಗೆಯನ್ನು ನೀವು ಕೊಟ್ಟ 46 ಲಕ್ಷದ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಷ್ಟು ಕಳೆದು ಹಾಕುತ್ತಾರೆ. ಹೊಸ ಕಾರಿಗೆ ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದರೆ ಶೇ 18, ಅದರ ಮೇಲೆ ಸೆಸ್. ಹಾಗಾಗಿ ಕಳೆದು ಉಳಿದದ್ದೂ ಲಕ್ಷಗಳಲ್ಲೇ ಇರುತ್ತದೆ. ಮುಂಗಡ ಕೊಡುವ ಮುನ್ನ ಆರ್‌ಸಿ ಪ್ರತಿ ಹಿಡಿದು ಹಾವೇರಿ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಳ್ಳಿ. ಯಾರೂ ಕೇಳುವುದಿಲ್ಲ ಎಂಬ ಮಾತಿಗೆ: 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನಲ್ಲಿ ಓಡುತ್ತಿದ್ದ ಒಂದು ಫೆರಾರಿಯ ಮಾಲೀಕರು 1.41 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಬ್ಯಾಡಗಿಯಲ್ಲಿ ಕೆಂಪು ಬಾಕ್ಸ್‌ಸ್ಟರ್ ಒಂದೇ ಇರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ದೆಹಲಿಯಿಂದ ಎನ್‌ಒಸಿ, ಸಾಲವಿದ್ದರೆ ಅದು ತೀರಿತೆಂದು ಬ್ಯಾಂಕು ಸಹಿ ಮಾಡಿದ ಫಾರ್ಮ್ 35, ಬಾಕಿ ಚಲನ್ ಇಲ್ಲವೆಂಬ ಖಾತ್ರಿ, ಇವು ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.

ಇನ್ನು ಖರ್ಚು. ತೆರಿಗೆ ಬಿಟ್ಟು, ಖರೀದಿ ಬೆಲೆಯ ಐದನೇ ಒಂದು ಭಾಗ, ಅಂದರೆ ಒಂಬತ್ತು ಲಕ್ಷದಷ್ಟು, ಮೊದಲ ಎರಡು ವರ್ಷಕ್ಕೆ ಬೇರೆಯೇ ಇಡಿ ಎನ್ನುವುದು ನನ್ನ ಲೆಕ್ಕ. ಟೈರು, ದ್ರವಗಳು, ರಬ್ಬರುಗಳು, ಒಂದು ದೊಡ್ಡ ರಿಪೇರಿ ಅದರಲ್ಲಿ ಮುಗಿಯಬೇಕು. ಖರ್ಚಾಗದೆ ಉಳಿದರೆ ನಿಮ್ಮ ಪುಣ್ಯ. ವಿಮೆ ಎಲ್ಲವನ್ನೂ ಹೊರುತ್ತದೆ ಎಂದುಕೊಳ್ಳಬೇಡಿ. ಇಷ್ಟು ಹಳೆಯ ಕಾರಿಗೆ ಸವಕಳಿ ಕಳೆಯದ ಪಾಲಿಸಿ ಸಿಗುವುದು ಕಷ್ಟ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗದ ಅರ್ಧ ಬೆಲೆ, ಹತ್ತು ವರ್ಷ ದಾಟಿದ್ದರೆ ಲೋಹದ ಭಾಗದ ಅರ್ಧ ಬೆಲೆಯೂ ನಿಮ್ಮದೇ. ಪೆಟ್ರೋಲ್ ಮುಚ್ಚಳದ ಒಳಗೆ ಬರೆದ ಆಕ್ಟೇನ್ ಅಂಕಿ ನೋಡಿಕೊಳ್ಳಿ. ಆ ಅಂಕಿಯ ಪೆಟ್ರೋಲ್ ಸಿಗುವ ಬಂಕ್ ನಿಮ್ಮ ದಾರಿಯಲ್ಲಿ ಎಲ್ಲಿದೆ ಎಂದು ಈಗಲೇ ಹುಡುಕಿ. ಎಥನಾಲ್ ಬೆರೆತ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಅದು ತೇವ ಹಿಡಿಯುತ್ತದೆ. ಗೋದಾಮಿನಲ್ಲಿ ನಿಲ್ಲಿಸುವುದಾದರೆ ಇಲಿಗಳ ಬಗ್ಗೆಯೂ ಯೋಚಿಸಿ. ವೈರ್ ಕಡಿಯದಿರಲೆಂದು ಮೆಣಸಿನ ಖಾರ ಬೆರೆತ ಟೇಪನ್ನು ಹೋಂಡಾ ಕಂಪನಿ ಮಾರುತ್ತದೆ. ನಿಮ್ಮ ಊರಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಿಂದ ಇಲಿ ಓಡುತ್ತದೆಂದು ನನಗೆ ನಂಬಿಕೆ ಇಲ್ಲ.

ಅವ್ವನವರ ಹೆದರಿಕೆಗೆ ಬರುತ್ತೇನೆ. 265 ಅಶ್ವಶಕ್ತಿ ಎಂಬ ಅಂಕಿಗಿಂತ ಎಂಜಿನ್ ಎಲ್ಲಿದೆ ಎಂಬುದು ಮುಖ್ಯ. ಭಾರ ನಿಮ್ಮ ಬೆನ್ನ ಹಿಂದೆ ಇದೆ. ನಿಮ್ಮ ಎಸ್‌ಯುವಿ ತಿರುವಿನಲ್ಲಿ ಹೆಚ್ಚಾಯಿತೆನಿಸಿದರೆ ನೀವು ಆಕ್ಸಿಲರೇಟರ್ ಬಿಡುತ್ತೀರಿ, ಅದು ಮುಂದಕ್ಕೆ ತೂಗಿ ನಿಧಾನವಾಗುತ್ತದೆ. ಇಲ್ಲಿ ತಿರುವಿನ ನಡುವೆ ತಟ್ಟನೆ ಕಾಲು ತೆಗೆದರೆ ಹಿಂಭಾಗ ಹಗುರಾಗಿ ಪಕ್ಕಕ್ಕೆ ಜಾರಬಹುದು. ಒಳ್ಳೆಯ ಟೈರು ಮತ್ತು ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ಸ್ ಇದ್ದಾಗ ಅದು ಅಪರೂಪ. ಹತ್ತು ವರ್ಷದ ಟೈರಿನಲ್ಲಿ, ಮೊದಲ ಮಳೆಗೆ, ಎರೆ ಹೊಲದಿಂದ ಬಂದ ಟ್ರ್ಯಾಕ್ಟರ್ ರಸ್ತೆಯ ಮೇಲೆ ಬಿಟ್ಟುಹೋದ ಮಣ್ಣಿನ ಮೇಲೆ ಅಪರೂಪವಲ್ಲ. ಎರೆಮಣ್ಣು ಒದ್ದೆಯಾದರೆ ಸಾಬೂನು. ಆ ಎಲೆಕ್ಟ್ರಾನಿಕ್ಸ್ ಆರಿಸುವ ಗುಂಡಿಯನ್ನು ಮುಟ್ಟದಿರಿ. ಸಾಧ್ಯವಾದರೆ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಒಬ್ಬ ತರಬೇತುದಾರರ ಪಕ್ಕ ಕುಳಿತು ಒಂದು ದಿನ ಕಲಿಯಿರಿ.

ನಿಮ್ಮ ಮುಂದೆ ಇರುವ ದಾರಿಗಳು ಮೂರು ಎಂದು ನನಗೆ ಕಾಣುತ್ತದೆ. ದೆಹಲಿಯ ಈ ಕಾರನ್ನೇ ಕೊಳ್ಳುವುದು: ತೆರಿಗೆ, ಸಾಗಣೆ, ಟೈರು ಸೇರಿಸಿದ ಮೇಲೆ ಅದು ಅಗ್ಗವಾಗಿ ಉಳಿಯುವುದಿಲ್ಲ, ಗಂಟೆಯ ಲೆಕ್ಕ ತಾಳೆಯಾದರೆ ಮಾತ್ರ ಯೋಚಿಸಬಹುದು. ಬೆಂಗಳೂರಿನಲ್ಲಿ ಕರ್ನಾಟಕ ನೋಂದಣಿಯ ಇದೇ ಮಾದರಿ ಹುಡುಕುವುದು: ಕೇಳುವ ಬೆಲೆ ಹೆಚ್ಚು, ಕಾಯಬೇಕು, ಆದರೆ ತೆರಿಗೆ ಕಟ್ಟಿರುತ್ತದೆ, ಸರ್ವಿಸ್ ಮಾಡಿದವರನ್ನೇ ಹೋಗಿ ಕೇಳಬಹುದು. ಪೋರ್ಷೆಯವರು ತಾವೇ 111 ಅಂಶ ತಪಾಸಣೆ ಮಾಡಿ, ವಾರಂಟಿ ಕೊಟ್ಟು ಮಾರುವ ಹಳೆಯ ಕಾರುಗಳೂ ಇರುತ್ತವೆ. ನಾನಾದರೆ ಇದನ್ನೇ ಆರಿಸುತ್ತೇನೆ. ಮೂರನೆಯದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಕಾರು. 2017ರದ್ದಕ್ಕೆ 230, 2020ರಲ್ಲಿ ಬಂದ 200 ಕಾರುಗಳಿಗೆ 245 ಅಶ್ವಶಕ್ತಿ. ಅವ್ವನವರನ್ನೂ ಕೂರಿಸಿಕೊಂಡು ಹೋಗಬಹುದು, ನಿಮ್ಮ ಹಣದ ದೊಡ್ಡ ಪಾಲು ಕೈಯಲ್ಲೇ ಉಳಿಯುತ್ತದೆ. ಮಾಡು ತೆರೆದು ಹೋಗುವ ಸುಖ ಮಾತ್ರ ಅದರಲ್ಲಿಲ್ಲ, ಕಾಲೇಜಿನಿಂದ ಇಟ್ಟುಕೊಂಡ ಆಸೆ ಅದರಿಂದ ತೀರುತ್ತದೆಯೇ ಎಂಬುದನ್ನು ನೀವೇ ಹೇಳಬೇಕು.

ಸದ್ಯಕ್ಕೆ ಆ ಡೀಲರಿಗೆ ಒಂದೇ ಫೋನ್ ಮಾಡಿ. ನಾಲ್ಕೂ ಟೈರುಗಳ ಅಂಕಿಯ ಫೋಟೊ ಕಳುಹಿಸಲಿ, ದೆಹಲಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನಿಮ್ಮ ಖರ್ಚಿನಲ್ಲೇ ಸ್ಕ್ಯಾನ್ ಮಾಡಿಸಿ ಗಂಟೆಯ ಹಾಳೆ ಕೊಡಲಿ. ಹಾಳೆ ಬಂದರೆ ನನಗೂ ಕಳುಹಿಸಿ, ನೋಡಿ ಹೇಳುತ್ತೇನೆ. ಕಾರು ಅಲ್ಲಿಗೆ ಒಯ್ಯಲಾಗದು, ಬೇರೆ ಗಿರಾಕಿ ನಾಳೆಯೇ ಬರುತ್ತಿದ್ದಾರೆ ಎಂದರೆ ದೆಹಲಿಗೆ ಟಿಕೆಟ್ ತೆಗೆಸಬೇಡಿ.